ರೋಗಿಯ ಒಪ್ಪಿಗೆ: ಕ್ಲಿನಿಕಲ್ ಟ್ರಯಲ್‌ಗಳಲ್ಲಿ ನಮ್ಮ ಪಾಲು

ಅಧ್ಯಕ್ಷರೆ, ಈ ದತ್ತಿಯನ್ನು ಇಟ್ಟ ಕುಟುಂಬದ ಹಿರಿಯರೆ, ಓಕ್‌ವಿಲ್, ಮಿಲ್ಟನ್, ಮಿಸ್ಸಿಸಾಗಾ, ಬ್ರಾಂಪ್ಟನ್‌ಗಳಿಂದ ಬಂದಿರುವ ಕನ್ನಡ ಬಂಧುಗಳೆ,

ದತ್ತಿ ಉಪನ್ಯಾಸವೆಂದರೆ ಸಾಹಿತ್ಯದ ವಿಷಯವನ್ನು ನಿರೀಕ್ಷಿಸುವುದು ರೂಢಿ. ಈ ವರ್ಷ ಆರೋಗ್ಯದ ವಿಷಯವೊಂದಿರಲಿ ಎಂದು ಸಂಘಟಕರು ಹೇಳಿದಾಗ ನಾನು ಕ್ಲಿನಿಕಲ್ ಟ್ರಯಲ್‌ಗಳನ್ನು ಆರಿಸಿಕೊಂಡೆ. ನಾನು ವೈದ್ಯೆಯಲ್ಲ. ಆಸ್ಪತ್ರೆಗಳ ಸಂಶೋಧನಾ ವಿಭಾಗದಲ್ಲಿ ಕೋಆರ್ಡಿನೇಟರ್ ಆಗಿ, ಒಪ್ಪಿಗೆ ಪತ್ರವನ್ನು ರೋಗಿಗಳ ಮುಂದಿಟ್ಟು ವಿವರಿಸುವ ಕೆಲಸ ಮಾಡಿದವಳು. ಆ ಮೇಜಿನ ಎದುರು ಬದಿಯಲ್ಲಿ ನಮ್ಮವರು ಬಂದು ಕೂತದ್ದು ಕಡಿಮೆ. ಬಂದವರೂ ಪ್ರಶ್ನೆ ಕೇಳಿದ್ದು ಕಡಿಮೆ. ಈ ವಿಷಯ ಆರಿಸಿಕೊಳ್ಳಲು ಕಾರಣ ಅದೇ.

ಇವತ್ತು ಮೊದಲು, ಟ್ರಯಲ್ ಎಂದರೇನು, ಅದರ ಬಗ್ಗೆ ನಮ್ಮಲ್ಲಿರುವ ಭಯ ಎಲ್ಲಿಂದ ಬಂತು ಎಂದು ನೋಡೋಣ. ಆಮೇಲೆ ಓಕ್‌ವಿಲ್‌ನಲ್ಲಿರುವವರು ಟ್ರಯಲ್ ಹುಡುಕುವ ಬಗೆ. ಮೂರನೆಯದು ಸಹಿ ಹಾಕುವುದಕ್ಕೆ ಮೊದಲು ಕೇಳಬೇಕಾದದ್ದು. ಅದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಕೊನೆಯದು ನಮ್ಮ ಜನ, ನಮ್ಮ ಭಾಷೆ. ನಿಮ್ಮ ಕಾಯಿಲೆಗೆ ಯಾವುದು ಸರಿ ಎಂಬುದನ್ನು ನಿಮ್ಮ ವೈದ್ಯರೊಂದಿಗೇ ತೀರ್ಮಾನಿಸಬೇಕು. ನಾನು ಹೇಳುವುದು ಆ ಮಾತುಕತೆಗೆ ಸಿದ್ಧವಾಗಲು ಬೇಕಾದಷ್ಟು.

ಮೊದಲನೆಯ ವಿಷಯವನ್ನು ಟೊರಾಂಟೊದಿಂದಲೇ ಶುರು ಮಾಡುತ್ತೇನೆ. ಸಕ್ಕರೆ ಕಾಯಿಲೆಯ ಸುದ್ದಿ ಇಲ್ಲದ ಕನ್ನಡ ಮನೆ ಅಪರೂಪ. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಮಧುಮೇಹವಿದ್ದ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ, ಸಂಶೋಧಕರಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ್ದ ಮೇದೋಜೀರಕ ಗ್ರಂಥಿಯ ಸಾರವನ್ನು ಚುಚ್ಚಿದರು. ರಕ್ತದ ಸಕ್ಕರೆ ಸ್ವಲ್ಪ ಇಳಿಯಿತು, ಚುಚ್ಚಿದ ಜಾಗ ಕೀವುಗಟ್ಟಿತು. ಅಲ್ಲಿಗೇ ನಿಲ್ಲಿಸಿದರು. ಅವರ ಜತೆಗಿದ್ದ ಜೇಮ್ಸ್ ಕಾಲಿಪ್ ಆ ಸಾರವನ್ನು ಇನ್ನಷ್ಟು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟರು. ಈ ಸಲ ಹುಡುಗ ಚೇತರಿಸಿಕೊಂಡ. ಆಮೇಲೆ 13 ವರ್ಷ ಬದುಕಿದ. ಇವತ್ತು ನಮ್ಮ ಮನೆಗಳ ಫ್ರಿಜ್ಜಿನಲ್ಲಿರುವ ಇನ್ಸುಲಿನ್ ಪೆನ್ನಿನ ಹಿಂದೆ ಆ ಹುಡುಗ ಇದ್ದಾನೆ, ಒಪ್ಪಿದ ಅವನ ತಂದೆ ಇದ್ದಾರೆ.

ಇಂದಿನ ಅರ್ಥದಲ್ಲಿ ಅದು ಟ್ರಯಲ್ ಅಲ್ಲ. ಹೋಲಿಸಿ ನೋಡಲು ಇನ್ನೊಂದು ಗುಂಪು ಅಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಬಗೆಯ ಮಧುಮೇಹ ಬಂದ ಮಕ್ಕಳು ಆಗ ಉಳಿಯುತ್ತಲೇ ಇರಲಿಲ್ಲ. ಆದರೆ ಬಹುಪಾಲು ಔಷಧಿಗಳ ಗುಣ ಹೀಗೆ ಕಣ್ಣಿಗೆ ಹೊಡೆದು ಕಾಣುವುದಿಲ್ಲ. ಕೆಲವರು ಔಷಧಿ ಇಲ್ಲದೆಯೂ ಗುಣವಾಗುತ್ತಾರೆ, ಕೆಲವರು ಕೊಟ್ಟರೂ ಗುಣವಾಗುವುದಿಲ್ಲ. ಆದ್ದರಿಂದ ಒಂದೇ ಬಗೆಯ ರೋಗಿಗಳನ್ನು ಎರಡು ಗುಂಪು ಮಾಡಬೇಕು, ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನಡೆಸಿ 1948ರಲ್ಲಿ ಪ್ರಕಟಿಸಿದ ಪರೀಕ್ಷೆ ಈ ಕ್ರಮಕ್ಕೆ ದಾರಿ ಹಾಕಿತು. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಜನ, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಜನ ತೀರಿಕೊಂಡಿದ್ದರು.

ಇಂದು ಹೊಸ ಔಷಧಿ ಹಂತ ಹಂತವಾಗಿ ಬರುತ್ತದೆ. ಮೊದಲ ಹಂತದಲ್ಲಿ ಕೆಲವೇ ಜನರಲ್ಲಿ ಎಷ್ಟು ಪ್ರಮಾಣ ಸುರಕ್ಷಿತ ಎಂದು ನೋಡುತ್ತಾರೆ, ಎರಡನೆಯದರಲ್ಲಿ ಗುಣದ ಸುಳಿವು ಹುಡುಕುತ್ತಾರೆ, ಮೂರನೆಯದರಲ್ಲಿ ನೂರಾರು, ಸಾವಿರಾರು ಜನರಲ್ಲಿ ಈಗಿನ ಚಿಕಿತ್ಸೆಯ ಜತೆ ಹೋಲಿಸುತ್ತಾರೆ. ಮಾರಾಟಕ್ಕೆ ಬಂದ ಮೇಲೂ ನಾಲ್ಕನೆಯ ಹಂತದ ನಿಗಾ ಉಂಟು. ನಿಮ್ಮನ್ನು ಕರೆದ ಟ್ರಯಲ್ ಯಾವ ಹಂತದ್ದು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಮೊದಲ ಹಂತದ್ದಾದರೆ ನಿಮಗೇ ಅನುಕೂಲವಾಗುವ ಸಂಭವ ಕಡಿಮೆ.

ಟ್ರಯಲ್ ಎಂದರೆ ಯಾವಾಗಲೂ ಹೊಸ ಮಾತ್ರೆ ಎಂದುಕೊಳ್ಳಬೇಕಿಲ್ಲ. ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿರುವ ಕೆನಡಿಯನ್ ಕ್ಯಾನ್ಸರ್ ಟ್ರಯಲ್ಸ್ ಗ್ರೂಪ್ 2009ರಲ್ಲಿ ಆರಂಭಿಸಿದ ‘ಚಾಲೆಂಜ್’ ಎಂಬ ಟ್ರಯಲ್‌ನಲ್ಲಿ ಪರೀಕ್ಷೆಗೆ ಒಳಗಾದದ್ದು ವ್ಯಾಯಾಮ. ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೊಥೆರಪಿ ಮುಗಿಸಿದ 889 ಜನರಲ್ಲಿ ಒಂದು ಗುಂಪಿಗೆ ಮೂರು ವರ್ಷ ಮಾರ್ಗದರ್ಶಕರ ಜತೆ ವ್ಯಾಯಾಮ, ಇನ್ನೊಂದು ಗುಂಪಿಗೆ ತಿಳಿವಳಿಕೆಯ ಪುಸ್ತಿಕೆ. 2025ರಲ್ಲಿ ಫಲಿತಾಂಶ ಬಂತು: ಐದು ವರ್ಷದ ಕೊನೆಗೆ ಕಾಯಿಲೆ ಮರುಕಳಿಸದೆ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇ. 80.3, ಇನ್ನೊಂದರಲ್ಲಿ ಶೇ. 73.9. ನಡಿಗೆ ಒಳ್ಳೆಯದು ಎಂದು ಅಜ್ಜಿಯರೂ ಹೇಳುತ್ತಾರೆ. ಕ್ಯಾನ್ಸರ್ ಮರುಕಳಿಸುವುದನ್ನು ಅದು ತಡೆಯುತ್ತದೆಯೇ, ಎಷ್ಟು ತಡೆಯುತ್ತದೆ ಎಂದು ತಿಳಿಯಲು ಆ 889 ಜನ ಬೇಕಾಯಿತು.

ಇನ್ನು ಭಯದ ಮಾತು. “ನಮ್ಮ ಮೇಲೆ ಪ್ರಯೋಗ ಮಾಡ್ತಾರೆ” ಎಂದು ನಮ್ಮವರು ಹಿಂಜರಿಯುವುದನ್ನು ನಾನು ಅಜ್ಞಾನ ಎನ್ನಲಾರೆ. ಇದೇ ಕೆನಡಾದಲ್ಲಿ 1940ರ ದಶಕದ ಕೊನೆಯಲ್ಲಿ ವಸತಿ ಶಾಲೆಗಳಲ್ಲಿದ್ದ ಮೂಲನಿವಾಸಿ ಮಕ್ಕಳ ಮೇಲೆ, ಅವರಿಗೂ ಹೆತ್ತವರಿಗೂ ತಿಳಿಸದೆ, ಪೌಷ್ಟಿಕತೆಯ ಪ್ರಯೋಗ ನಡೆಸಿದ್ದರು. ಇತಿಹಾಸಕಾರ ಇಯಾನ್ ಮೋಸ್ಬಿ 2013ರಲ್ಲಿ ಅದನ್ನು ಬಯಲಿಗೆ ತಂದರು. ಹಸಿದ ಮಕ್ಕಳ ಹಸಿವನ್ನೇ ಅಧ್ಯಯನದ ಸಾಮಗ್ರಿ ಮಾಡಿಕೊಂಡ ಆ ಕೆಲಸಕ್ಕೆ ಕ್ಷಮೆಯಿಲ್ಲ. ಭಾರತದಲ್ಲಿ 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಹಾಸ್ಟೆಲ್ ಹುಡುಗಿಯರ ಪರವಾಗಿ ವಾರ್ಡನ್‌ಗಳು ಸಹಿ ಹಾಕಿದ್ದರು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆ ಅವಧಿಯಲ್ಲಿ ಕೆಲವು ಹುಡುಗಿಯರು ತೀರಿಕೊಂಡಿದ್ದರು; ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆಯಲ್ಲಿ ಕಂಡರೂ ಒಪ್ಪಿಗೆ ಪಡೆದ ರೀತಿಯನ್ನು ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಇಂಥ ತಪ್ಪುಗಳ ಮೇಲೆಯೇ ಇಂದಿನ ಕಾವಲು ನಿಂತಿದೆ. ಕೆನಡಾದಲ್ಲಿ ಹೊಸ ಔಷಧಿಯ ಟ್ರಯಲ್‌ಗೆ ಹೆಲ್ತ್ ಕೆನಡಾದ ಪರಿಶೀಲನೆ ಆಗಬೇಕು, ನೀತಿ ಸಮಿತಿಯ ಒಪ್ಪಿಗೆ ಆಗಬೇಕು. ಆ ಸಮಿತಿಯಲ್ಲಿ ವೈದ್ಯರ ಜತೆಗೆ ಕಾನೂನು ಬಲ್ಲವರೂ ಸಾಮಾನ್ಯ ನಾಗರಿಕರೂ ಇರುತ್ತಾರೆ.

ಎರಡನೆಯ ವಿಷಯಕ್ಕೆ ಬರುತ್ತೇನೆ: ಹುಡುಕುವುದು ಎಲ್ಲಿ?

ಓಕ್‌ವಿಲ್ ಇರುವ ಜಾಗ ಈ ವಿಷಯದಲ್ಲಿ ಅನುಕೂಲದ್ದು. ಊರಿನಲ್ಲೇ ಡಂಡಾಸ್ ರಸ್ತೆಯ ಟ್ರಫಾಲ್ಗರ್ ಮೆಮೋರಿಯಲ್ ಆಸ್ಪತ್ರೆ ಇದೆ. ಪಕ್ಕದ ಮಿಸ್ಸಿಸಾಗಾದ ಕ್ರೆಡಿಟ್ ವ್ಯಾಲಿ ಆಸ್ಪತ್ರೆಯಲ್ಲಿ ಈ ಭಾಗಕ್ಕೆಲ್ಲ ಸೇರಿದ ಕ್ಯಾನ್ಸರ್ ಕೇಂದ್ರವಿದೆ. ಗೋ ರೈಲು ಹತ್ತಿ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದರೆ ಯೂನಿವರ್ಸಿಟಿ ಅವೆನ್ಯೂ ಹತ್ತಿರ. ಪ್ರಿನ್ಸೆಸ್ ಮಾರ್ಗರೆಟ್, ಟೊರಾಂಟೊ ಜನರಲ್, ಮೌಂಟ್ ಸೈನೈ, ಸಿಕ್‌ಕಿಡ್ಸ್ ಎಲ್ಲವೂ ಅಕ್ಕಪಕ್ಕ. ಪಶ್ಚಿಮಕ್ಕೆ ಹೋದರೆ ಹ್ಯಾಮಿಲ್ಟನ್ನಿನಲ್ಲಿ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು, ಜುರವಿನ್ಸ್ಕಿ ಕ್ಯಾನ್ಸರ್ ಕೇಂದ್ರ. ಒಂದೂರಿನ ಆಸ್ಪತ್ರೆಯಲ್ಲಿ ಇಲ್ಲದ ಟ್ರಯಲ್ ಇನ್ನೊಂದೂರಿನಲ್ಲಿ ಇರಬಹುದು, ಅಲ್ಲಿಗೆ ರೆಫರಲ್ ಕೇಳುವುದು ನಿಮ್ಮ ಹಕ್ಕು. ನಮ್ಮ ಡಾಕ್ಟರಿಗೆ ಬೇಸರವಾಗುತ್ತದೆ ಎಂಬ ಸಂಕೋಚ ನಮ್ಮಲ್ಲಿ ಬಹಳ. ಆ ಸಂಕೋಚವನ್ನು ಬಿಡಬೇಕು.

ಮೊದಲ ದಾರಿ ನಿಮ್ಮ ಸ್ಪೆಷಲಿಸ್ಟ್. “ನನ್ನ ಕಾಯಿಲೆಗೆ, ಈಗಿನ ಹಂತದಲ್ಲಿ, ಎಲ್ಲಾದರೂ ಟ್ರಯಲ್ ನಡೆಯುತ್ತಿದೆಯೇ?” ಎಂದು ಕೇಳಿ. ಈ ಪ್ರಶ್ನೆಯನ್ನು ಚಿಕಿತ್ಸೆ ಶುರುವಾಗುವ ಮೊದಲೇ ಕೇಳುವುದು ಮುಖ್ಯ. ಟ್ರಯಲ್ ಎಂದರೆ ಎಲ್ಲ ಬಾಗಿಲೂ ಮುಚ್ಚಿದ ಮೇಲೆ ತಟ್ಟುವ ಬಾಗಿಲು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಎಷ್ಟೋ ಟ್ರಯಲ್‌ಗಳು ಇನ್ನೂ ಯಾವ ಔಷಧಿಯನ್ನೂ ತೆಗೆದುಕೊಳ್ಳದವರಿಗೆ ಮಾತ್ರ. ಒಂದು ಸುತ್ತು ಕೀಮೊ ಆದ ಮೇಲೆ ಕೇಳಿದರೆ ಆ ಅವಕಾಶ ಹೋಗಿರುತ್ತದೆ.

ಇನ್ನೊಂದು ದಾರಿ ಸಾರ್ವಜನಿಕ ನೋಂದಣಿ ಪಟ್ಟಿಗಳು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 2000ದಿಂದ ನಡೆಸುತ್ತಿರುವ ‘ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್’ ಎಂಬ ಪಟ್ಟಿಯಲ್ಲಿ ಕೆನಡಾದ ಟ್ರಯಲ್‌ಗಳೂ ಸಿಗುತ್ತವೆ. ಕಾಯಿಲೆಯ ಹೆಸರು, ಊರಿನ ಹೆಸರು ಕೊಟ್ಟು, ಈಗ ಜನರನ್ನು ಸೇರಿಸಿಕೊಳ್ಳುತ್ತಿರುವವನ್ನು ಮಾತ್ರ ಆರಿಸಿ ನೋಡಬಹುದು. ಪ್ರತಿಯೊಂದಕ್ಕೂ ಎನ್‌ಸಿಟಿ ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಅದನ್ನು ಬರೆದುಕೊಂಡು ವೈದ್ಯರಿಗೆ ತೋರಿಸಿದರೆ ಮಾತು ಸುಲಭ. ಹೆಲ್ತ್ ಕೆನಡಾದ್ದೇ ಒಂದು ಪಟ್ಟಿ ಇದೆ, ಕ್ಲಿನಿಕಲ್ ಟ್ರಯಲ್ಸ್ ಒಂಟಾರಿಯೊ ಸಂಸ್ಥೆಯೂ ಹುಡುಕಲು ನೆರವಾಗುತ್ತದೆ. ಪಟ್ಟಿಯಲ್ಲಿ ಯಾರು ಸೇರಬಹುದು, ಯಾರು ಸೇರಬಾರದು ಎಂಬ ನಿಯಮಗಳು ಉದ್ದಕ್ಕೆ ಇರುತ್ತವೆ: ವಯಸ್ಸು, ಕಿಡ್ನಿಯ ಸ್ಥಿತಿ, ಹಿಂದಿನ ಚಿಕಿತ್ಸೆ. ಅವುಗಳಲ್ಲಿ ಹೊಂದದೆ ಹೋದರೆ ಅದನ್ನು ತಿರಸ್ಕಾರ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ; ಬಹುಪಾಲು ನಿಯಮಗಳು ಇರುವುದು ನಿಮಗೆ ಹಾನಿಯಾಗದಿರಲಿ ಎಂದು.

ಒಂದು ಎಚ್ಚರಿಕೆ. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಸರ್ಕಾರ ಅದನ್ನು ಪರಿಶೀಲಿಸಿ ಒಪ್ಪಿದೆ ಎಂದು ಅರ್ಥವಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯ ಹೆಸರಿನಲ್ಲಿ ಸಾವಿರಾರು ಡಾಲರ್ ಕೇಳುವ ಕ್ಲಿನಿಕ್‌ಗಳೂ ಇಂಥ ಪಟ್ಟಿಗಳಲ್ಲಿ ಜಾಗ ಪಡೆದದ್ದುಂಟು. ಟ್ರಯಲ್‌ನ ಔಷಧಿಗೆ ರೋಗಿಯಿಂದಲೇ ಹಣ ಕೇಳಿದರೆ ಎದ್ದು ಬನ್ನಿ, ನಿಮ್ಮ ವೈದ್ಯರನ್ನು ಕೇಳಿ.

ಮೂರನೆಯದು ಒಪ್ಪಿಗೆ. ನನ್ನ ಕೆಲಸದ ತಿರುಳು ಇದೇ ಆಗಿತ್ತಾದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಪ್ಪಿಗೆ ಪತ್ರ ಇಪ್ಪತ್ತು ಪುಟವೂ ಇರಬಹುದು. ಅದನ್ನು ಅಲ್ಲೇ ಓದಿ ಅಲ್ಲೇ ಸಹಿ ಮಾಡಬೇಕಿಲ್ಲ. ಮನೆಗೆ ತೆಗೆದುಕೊಂಡು ಹೋಗಿ, ಗೆರೆ ಎಳೆದು ಓದಿ, ಮನೆಯವರ ಜತೆ ಮಾತಾಡಿ. ಸಹಿ ಹಾಕಿದರೂ ಅದು ಕರಾರಲ್ಲ. ಯಾವ ದಿನ ಬೇಕಾದರೂ, ಕಾರಣ ಹೇಳದೆಯೇ ಹೊರಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು. ಸಹಿ ಹಾಕಿದ್ದರಿಂದ ನಿಮ್ಮ ಕಾನೂನಿನ ಹಕ್ಕುಗಳೂ ಹೋಗುವುದಿಲ್ಲ. ಹೊರಬರುವಾಗ ಮಾತ್ರ ವೈದ್ಯರಿಗೆ ತಿಳಿಸಿ ಬನ್ನಿ, ಕೆಲವು ಔಷಧಿಗಳನ್ನು ಥಟ್ಟನೆ ನಿಲ್ಲಿಸುವುದು ಅಪಾಯ.

ಎಲ್ಲಕ್ಕಿಂತ ಹೆಚ್ಚಾಗಿ ಜನರಿಗೆ ಅರ್ಥವಾಗದೆ ಉಳಿಯುವುದು ಒಂದು ಸಂಗತಿ. ನಿಮ್ಮ ವೈದ್ಯರು ನಿಮಗೆ ಚಿಕಿತ್ಸೆ ಕೊಡುವಾಗ ಯೋಚಿಸುವುದು ನಿಮ್ಮೊಬ್ಬರ ಬಗ್ಗೆ. ಟ್ರಯಲ್ ಮಾತ್ರ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತದೆ. ನೀವು ಯಾವ ಗುಂಪಿಗೆ ಬೀಳುತ್ತೀರಿ ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆ, ನಿಮಗೆ ಬಂದದ್ದು ಔಷಧಿಯೋ ಅದರಂತೆ ಕಾಣುವ ಸಪ್ಪೆ ಮಾತ್ರೆಯೋ ಎಂದು ವೈದ್ಯರಿಗೂ ಗೊತ್ತಿಲ್ಲದಿರಬಹುದು. ಇದು ನ್ಯಾಯವೇ? ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೆಂಜಮಿನ್ ಫ್ರೀಡ್‌ಮನ್ 1987ರಲ್ಲಿ ಇದಕ್ಕೆ ಉತ್ತರ ಕೊಟ್ಟರು: ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಎಂದು ಬಲ್ಲ ವೈದ್ಯರ ನಡುವೆಯೇ ಪ್ರಾಮಾಣಿಕವಾದ ಭಿನ್ನಾಭಿಪ್ರಾಯ ಇದ್ದರೆ ಮಾತ್ರ ಹೀಗೆ ಗುಂಪು ಮಾಡುವುದು ನ್ಯಾಯ. ಗುಣಪಡಿಸುವ ಚಿಕಿತ್ಸೆ ಇರುವಾಗ ಕ್ಯಾನ್ಸರ್ ರೋಗಿಗೆ ಬರೀ ಸಪ್ಪೆ ಮಾತ್ರೆ ಕೊಟ್ಟು ಕೂರಿಸುವುದಿಲ್ಲ. ಸಾಮಾನ್ಯವಾಗಿ ಈಗಿನ ಚಿಕಿತ್ಸೆಯ ಜತೆಗೇ ಹೋಲಿಕೆ ನಡೆಯುತ್ತದೆ.

ನಡುವೆ ಉತ್ತರ ಸಿಕ್ಕಿಬಿಟ್ಟರೆ? ಅದಕ್ಕೆಂದೇ ಹೊರಗಿನ ತಜ್ಞರ ಸಮಿತಿಯೊಂದು ಅಂಕಿಗಳನ್ನು ಆಗಾಗ ನೋಡುತ್ತಿರುತ್ತದೆ. ಸ್ತನ ಕ್ಯಾನ್ಸರಿಗೆ ಐದು ವರ್ಷ ಟ್ಯಾಮೊಕ್ಸಿಫೆನ್ ಮುಗಿಸಿದ 5,187 ಮಹಿಳೆಯರಲ್ಲಿ ಲೆಟ್ರೊಜೋಲ್ ಮಾತ್ರೆಯನ್ನು ಪರೀಕ್ಷಿಸಿದ ಟ್ರಯಲ್ ಕೆನಡಾದಿಂದಲೇ ನಡೆದದ್ದು. ಮಾತ್ರೆ ಪಡೆದವರಲ್ಲಿ ಕಾಯಿಲೆ ಮರುಕಳಿಸುವುದು ಸ್ಪಷ್ಟವಾಗಿ ಕಡಿಮೆ ಎಂದು ಕಂಡಕೂಡಲೆ, 2003ರಲ್ಲಿ ಅವಧಿಗೆ ಮೊದಲೇ ಗುಟ್ಟು ಬಿಚ್ಚಿ, ಸಪ್ಪೆ ಮಾತ್ರೆಯಲ್ಲಿದ್ದ ಹೆಂಗಸರಿಗೂ ಲೆಟ್ರೊಜೋಲ್ ಕೊಡಲು ಮುಂದಾದರು.

ಹೊಸ ವಿಷಯ ತಿಳಿದಾಗ ರೋಗಿಗೆ ಹೇಳಲೇಬೇಕು ಎಂಬುದಕ್ಕೆ ಟೊರಾಂಟೊದಲ್ಲೇ ದೊಡ್ಡ ಹೋರಾಟ ನಡೆದಿದೆ. 1990ರ ದಶಕದಲ್ಲಿ ಸಿಕ್‌ಕಿಡ್ಸ್ ಆಸ್ಪತ್ರೆಯ ಡಾ. ನ್ಯಾನ್ಸಿ ಒಲಿವಿಯೇರಿ ಅವರು ಥಲಸೀಮಿಯಾ ರೋಗಿಗಳಲ್ಲಿ ಡಿಫೆರಿಪ್ರೋನ್ ಎಂಬ ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಈ ರೋಗಿಗಳ ಮೈಯಲ್ಲಿ ತುಂಬಿಕೊಳ್ಳುವ ಕಬ್ಬಿಣವನ್ನು ಹೊರಹಾಕುವುದು ಅದರ ಕೆಲಸ. ಕೆಲವರಲ್ಲಿ ಮಾತ್ರೆಯ ಪರಿಣಾಮ ಕುಂದುತ್ತಿದೆ ಎಂದು ಅವರಿಗೆ ಕಂಡಿತು, ರೋಗಿಗಳಿಗೆ ತಿಳಿಸಬೇಕು ಎಂದರು. ಹಣ ಕೊಟ್ಟಿದ್ದ ಅಪೋಟೆಕ್ಸ್ ಕಂಪನಿ ಆ ತೀರ್ಮಾನವನ್ನು ಒಪ್ಪಲಿಲ್ಲ. 1996ರಲ್ಲಿ ಟ್ರಯಲ್ ನಿಲ್ಲಿಸಿ, ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಒಲಿವಿಯೇರಿ ಆದರೂ ತಿಳಿಸಿದರು. ವರ್ಷಗಟ್ಟಲೆ ಕಷ್ಟಪಟ್ಟರು. 2001ರಲ್ಲಿ ಕೆನಡಾದ ವಿಶ್ವವಿದ್ಯಾಲಯ ಅಧ್ಯಾಪಕರ ಸಂಘ ನೇಮಿಸಿದ್ದ ವಿಚಾರಣಾ ಸಮಿತಿ ಅವರ ನಡೆಯನ್ನು ಎತ್ತಿಹಿಡಿಯಿತು. ಮುಂದೆ ಆ ಮಾತ್ರೆಗೆ ಹಲವು ದೇಶಗಳಲ್ಲಿ ಅನುಮತಿಯೂ ಸಿಕ್ಕಿತು, ಇಂದೂ ಬಳಕೆಯಲ್ಲಿದೆ. ಮಾತ್ರೆ ಒಳ್ಳೆಯದೋ ಕೆಟ್ಟದ್ದೋ ಎಂಬುದರಿಂದ ಈ ಹಕ್ಕು ಬದಲಾಗುವುದಿಲ್ಲ. ತನ್ನ ದೇಹದ ಬಗ್ಗೆ ವೈದ್ಯರಿಗೆ ಹುಟ್ಟಿದ ಅನುಮಾನ ರೋಗಿಗೂ ಗೊತ್ತಾಗಬೇಕು. ಹಣ ಕೊಡುವವರು ಯಾರು ಎಂದು ನೀವು ಕೇಳಬೇಕೆನ್ನುವುದೂ ಇದಕ್ಕೇ.

ಖರ್ಚನ್ನೂ ಬಾಯಿಬಿಟ್ಟು ಕೇಳಿ. ಮಾಮೂಲಿ ಚಿಕಿತ್ಸೆ ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಓಹಿಪ್‌ನಲ್ಲಿ ನಡೆಯುತ್ತದೆ, ಟ್ರಯಲ್‌ಗೆಂದೇ ಮಾಡುವ ಪರೀಕ್ಷೆ ಮತ್ತು ಔಷಧಿಯ ಖರ್ಚು ಸಾಮಾನ್ಯವಾಗಿ ಟ್ರಯಲ್ ನಡೆಸುವವರದ್ದು. ಆದರೆ ಯೂನಿವರ್ಸಿಟಿ ಅವೆನ್ಯೂದ ಪಾರ್ಕಿಂಗ್, ರೈಲಿನ ಟಿಕೆಟ್, ಕೆಲಸಕ್ಕೆ ಹಾಕಿದ ರಜೆ? ಒಂದೊಂದು ಕಡೆ ಒಂದೊಂದು ರೀತಿ. ಔಷಧಿಯಿಂದ ಹಾನಿಯಾದರೆ ಯಾರು ನೋಡಿಕೊಳ್ಳುತ್ತಾರೆ ಎಂಬ ಭಾಗವನ್ನು ಎರಡು ಸಲ ಓದಿ. ಭಾರತದ 2019ರ ನಿಯಮಗಳು ಚಿಕಿತ್ಸೆಯನ್ನೂ ಪರಿಹಾರವನ್ನೂ ಕಾನೂನಿನಲ್ಲೇ ಬರೆದಿವೆ. ಇಲ್ಲಿ ನಿಮ್ಮ ಕೈಯಲ್ಲಿರುವ ಪತ್ರ ಏನು ಹೇಳುತ್ತದೆ ಎಂಬುದನ್ನೇ ನೋಡಬೇಕಾಗುತ್ತದೆ.

ನೀವೂ ಹೇಳಬೇಕಾದದ್ದಿದೆ. ಊರಿನಿಂದ ತಂದ ಲೇಹ್ಯ, ಅಶ್ವಗಂಧದ ಪುಡಿ, ಯಾರೋ ಕೊಟ್ಟ ಕಷಾಯದ ಸೊಪ್ಪು, ಯಾವುದನ್ನೂ ಮುಚ್ಚಿಡಬೇಡಿ. ಡಾಕ್ಟರು ಬೈದಾರು ಎಂದು ಮುಚ್ಚಿಟ್ಟವರನ್ನು ನಾನು ಕಂಡಿದ್ದೇನೆ. ಎರಡು ಔಷಧಿ ಒಳಗೆ ಸೇರಿ ಲಿವರಿಗೆ ಏಟು ಬಿದ್ದರೆ ಅನುಭವಿಸುವವರು ನೀವು.

ಇನ್ನು ಕೊನೆಯ ವಿಷಯ: ಟ್ರಯಲ್‌ಗಳಲ್ಲಿ ನಾವು ಯಾಕೆ ಇರಬೇಕು? ಹೃದಯಾಘಾತದ ಕಾರಣಗಳನ್ನು 52 ದೇಶಗಳಲ್ಲಿ ಹುಡುಕಿದ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ, ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ ಸರಾಸರಿ 53ರ ವಯಸ್ಸಿಗೆ, ಉಳಿದ ದೇಶಗಳವರಿಗೆ ಹತ್ತಿರ ಹತ್ತಿರ 59ಕ್ಕೆ ಎಂದು ಕಂಡಿತು. ನಮ್ಮ ಮೈಯಲ್ಲಿ ಕಾಯಿಲೆ ಬೇರೆ ವೇಗದಲ್ಲಿ ನಡೆಯುವುದಾದರೆ ಔಷಧಿಯನ್ನು ನಮ್ಮ ಮೈಯಲ್ಲೂ ಪರೀಕ್ಷಿಸಬೇಕು. ಆ ಅಧ್ಯಯನವನ್ನು ಹ್ಯಾಮಿಲ್ಟನ್ನಿನಿಂದ ನಡೆಸಿದ ಡಾ. ಸಲೀಂ ಯೂಸುಫ್ ವೈದ್ಯಕೀಯ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಹೃದಯದ ಹಲವು ಔಷಧಿಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸುವ ‘ಪಾಲಿಪಿಲ್’ ವಿಚಾರವನ್ನು ಈ ಎರಡು ಊರುಗಳ ವೈದ್ಯರು ಒಟ್ಟಾಗಿ ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಮೊದಲ ಟ್ರಯಲ್‌ನಲ್ಲಿ ಭಾರತದ 50 ಕೇಂದ್ರಗಳಿಂದ 2,053 ಜನ ಇದ್ದರು. ಆಮೇಲಿನ ದೊಡ್ಡ ಟ್ರಯಲ್‌ನ 5,713 ಜನರಲ್ಲಿ ಸುಮಾರು ಅರ್ಧದಷ್ಟು ಭಾರತದವರು. ಗುಳಿಗೆಯ ಜತೆ ಆಸ್ಪಿರಿನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಶೇ. 31ರಷ್ಟು ಕಡಿಮೆಯಾದವು. ಭಾರತದ ಸಾಮಾನ್ಯ ಜನರೂ ಸೇರಿ ಕೊಟ್ಟ ಈ ಉತ್ತರ ಈಗ ಇಡೀ ಲೋಕದ್ದು.

ಇನ್ನು ಭಾಷೆಯ ಮಾತು. ಭಾರತದಲ್ಲಿ ಕರ್ನಾಟಕದ ರೋಗಿಗೆ ಒಪ್ಪಿಗೆ ಪತ್ರ ಕನ್ನಡದಲ್ಲಿ ಸಿಗುತ್ತದೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕೆಂಬುದು ನಿಯಮ. ಇಲ್ಲಿ ಇಂಗ್ಲಿಷ್ ಪತ್ರ ಹಿಡಿದ ತಾಯಿಗೆ ಮಗ ಹೇಳುತ್ತಾನೆ: “ಏನಿಲ್ಲಮ್ಮ, ಹೊಸ ಮಾತ್ರೆ ಕೊಡ್ತಾರಂತೆ, ಇಲ್ಲಿ ಸೈನ್ ಮಾಡಮ್ಮ.” ತಾಯಿ ಹೇಳುತ್ತಾರೆ: “ನೀನು ಹೇಳಿದ ಮೇಲೆ ಮುಗೀತಪ್ಪ.” ಇಬ್ಬರಲ್ಲೂ ಪ್ರೀತಿಗೆ ಕೊರತೆಯಿಲ್ಲ. ಆದರೆ ಇದು ಆ ತಾಯಿಯ ಒಪ್ಪಿಗೆ ಅಲ್ಲ. ಸಾವಿನ ಸಂಭವ, ಹಾನಿಯ ಸಂಭವ ಎಂಬ ಮಾತುಗಳನ್ನು ಮಗನಾದವನು ತಾಯಿಗೆ ನೇರವಾಗಿ ದಾಟಿಸಲಾರ. ಅವನ ಮೇಲೆ ಆ ಭಾರ ಹೊರಿಸುವುದೂ ತಪ್ಪು. ಆಸ್ಪತ್ರೆಗಳಲ್ಲಿ ದುಭಾಷಿಗಳ ಸೇವೆ ಇರುತ್ತದೆ, ಫೋನಿನಲ್ಲಾದರೂ. ಕನ್ನಡ ದುಭಾಷಿ ಬೇಕು ಎಂದು ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. ಹಿಂದಿ ಸಾಕೇ ಎಂದರೆ, ನಿಮ್ಮ ತಾಯಿಗೆ ಹಿಂದಿ ಬಾರದಿದ್ದರೆ, ಸಾಲದು ಎನ್ನಿ.

ಸೂಪರ್ ವೀಸಾ ಎಂಬ ದೀರ್ಘ ಭೇಟಿಯ ವೀಸಾದಲ್ಲಿ ಬಂದಿರುವ ತಂದೆತಾಯಿಗಳ ಬಗ್ಗೆ ಒಂದು ಮಾತು. ಅವರಿಗೆ ಓಹಿಪ್ ಇಲ್ಲ, ಖಾಸಗಿ ವಿಮೆ ಮಾತ್ರ. ಟ್ರಯಲ್ ಅವರನ್ನು ಸೇರಿಸಿಕೊಳ್ಳುತ್ತದೆಯೇ, ನಡುವೆ ಊರಿಗೆ ಹೋದರೆ ತಪಾಸಣೆ ಹೇಗೆ ಎಂದು ಮೊದಲೇ ಕೇಳಿ. ಹಲವರಿಗೆ ಊರೇ ಸರಿಯಾದ ಜಾಗವಾಗಬಹುದು. ಭಾರತದ ಟ್ರಯಲ್‌ಗಳ ನೋಂದಣಿ ಪಟ್ಟಿ ಸಿಟಿಆರ್‌ಐ 2007ರಿಂದ ಇದೆ; ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್, ಸೇಂಟ್ ಜಾನ್ಸ್‌ಗಳ ಟ್ರಯಲ್‌ಗಳನ್ನು ಓಕ್‌ವಿಲ್‌ನಲ್ಲಿ ಕೂತೇ ಅದರಲ್ಲಿ ನೋಡಬಹುದು.

ಈ ಸಭೆಯಲ್ಲಿ ದಾದಿಯರಿದ್ದಾರೆ, ಫಾರ್ಮಸಿಸ್ಟ್‌ಗಳಿದ್ದಾರೆ, ಕನ್ನಡವನ್ನೂ ಇಂಗ್ಲಿಷನ್ನೂ ಸಮನಾಗಿ ಬಲ್ಲ ನಿವೃತ್ತರಿದ್ದಾರೆ. ನಿಮ್ಮಲ್ಲಿ ಕೆಲವರಾದರೂ ವೈದ್ಯಕೀಯ ದುಭಾಷಿಯ ತರಬೇತಿ ಪಡೆದು, ಈ ಭಾಗದ ಆಸ್ಪತ್ರೆಗಳಿಗೆ ಕನ್ನಡಕ್ಕಾಗಿ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಉಪನ್ಯಾಸ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನ ಹತ್ತಿರ ನಾನಿರುತ್ತೇನೆ. ಮನಸ್ಸಿರುವವರು ಬಂದು ಮಾತಾಡಿ.